ಕೊಡ ತಂದವರ ಮೈದಾನ

ಬಂಡ್ರಿ
18-2-2007, ಭಾನುವಾರ

ಪ್ರೀತಿಯ ತಮ್ಮ ಜಡೆಪ್ಪಾ,

ಹೇಗಿದ್ದೀ? ವಾಸ್ಕೋ ಬಂದರಿನ ಕೆಲಸದಲ್ಲಿ ಬೆನ್ನುನೋವು ಹೆಚ್ಚಾಯಿತೋ ಕಡಿಮೆಯಾಯಿತೋ? ಅಲ್ಲಿಯ ಊಟ ಒಗ್ಗದಿದ್ದರೆ ಗಂಜಿಯನ್ನಾದರೂ ಹೊಟ್ಟೆ ತುಂಬ ಕುಡಿ. ಇಲ್ಲಿ ಎಲ್ಲರೂ ಆರಾಮ, ಕೆಮ್ಮೊಂದು ಬಿಟ್ಟರೆ. ಅದನ್ನು ಈಗ ಈ ಊರಲ್ಲಿ ಯಾರೂ ರೋಗವೆಂದು ಕರೆಯುವುದಿಲ್ಲ. ನಮ್ಮ ಗುಡ್ಡ ಅದಿರಾಗಿ ದಿನಾ ರೈಲು ಹತ್ತಿ ನೀನಿರುವಲ್ಲಿಗೇ ಬರುತ್ತಿದೆ. ನೆನಪಾದರೆ ಅಲ್ಲೇ ನೋಡಿಕೋ, ಇಲ್ಲಿ ಉಳಿದಿರುವುದು ಕಡಿಮೆ.

ನೀನು ನನಗೆ ಒಪ್ಪಿಸಿ ಹೋದ ಫುಟ್ಬಾಲ್ ಕ್ಲಬ್ಬಿನ ಸುದ್ದಿ ಬರೆಯದೆ ಭಾಳ ದಿನವಾಯಿತು. ಕೂತರೆ ಏಳಲಾಗದಷ್ಟು ದಣಿದಿದ್ದೇನೆ, ಅದಕ್ಕೇ ತಡ. ಗೋವೆಯಲ್ಲಿ ಕಲಿತ ಆಟವನ್ನು ನೀನು ಊರಿಗೆ ತಂದಾಗ ಮಾಡಿದ ಕಟ್ಟಳೆ ಒಂದೇ: ಆಡಬೇಕೆನ್ನುವ ಮಗು ಮನೆಯಿಂದ ಒಂದು ಕೊಡ ನೀರು ತಂದು ಮೈದಾನಕ್ಕೆ ಚಿಮುಕಿಸಬೇಕು. ಅದಿರಿನ ಕೆಂಧೂಳು ಕೂರಬೇಕು, ಆಮೇಲೆ ಚೆಂಡು. ನೀರು ಹಾಕಿದ ಯಾರನ್ನೂ ಆಟದಿಂದ ಹೊರಗೆ ಕೂರಿಸುವಂತಿಲ್ಲ. ಒದೆಯಲು ಬಾರದವರನ್ನೂ ಯಾಕೆ ಸೇರಿಸುತ್ತೀ ಎಂದು ಶಾಲೆಯ ಮಾಸ್ತರರು ಕೇಳಿದಾಗ ನೀನು, “ಆಡಾಕ ಬರದವ್ನೇ ಮೊದ್ಲು ಗಣಿ ಲಾರಿ ಹತ್ತತಾನ್ರಿ ಸರ್” ಅಂದಿದ್ದೆ. ಶಾಲೆ ಬಿಟ್ಟ ಮಕ್ಕಳು ಅದಿರು ಜರಡಿ ಹಿಡಿಯಲು ಹೋಗದಿರಲಿ ಎಂದಲ್ಲವೇ ನೀನು ಇದನ್ನೆಲ್ಲ ಕಟ್ಟಿದ್ದು?

ಸಂಕ್ರಾಂತಿ ಆದ ಮೇಲೆ ಗಣಿ ಗುತ್ತಿಗೆಯ ನಾಗೇಂದ್ರಪ್ಪ ಸಾಹುಕಾರರು ಜೀಪು ನಿಲ್ಲಿಸಿ ಆಟ ನೋಡಿದರು. ಮನಸ್ಸು ಒಳ್ಳೆಯದೇ. ಮರುದಿನ ತಮ್ಮ ಹೆಸರಿನ ಅಂಗಿ, ಹನ್ನೊಂದು ಜೊತೆ ಬೂಟು ಕಳಿಸಿದರು. ಗಣಿ ರಸ್ತೆಗೆ ನೀರು ಹೊಡೆಯುವ ತಮ್ಮ ಟ್ಯಾಂಕರನ್ನೂ ದಿನಾ ಸಂಜೆ ಮೈದಾನಕ್ಕೆ ಬಿಟ್ಟರು. ಓಡಿಸುವವರು ನಮ್ಮ ಮನೆಯವರೇ ಅಲ್ಲವೇ, ನನಗಂತೂ ಸೊಂಟಕ್ಕೆ ಉಸಿರು ಬಂದ ಹಾಗಾಯಿತು. ಗಣಿ ಕೂಲಿಯವರ ಜೋಪಡಿಯ ಮಕ್ಕಳಿಗೆ ನಲ್ಲಿ ಸಿಗದ ದಿನ ಅವರ ಪಾಲಿನ ಕೊಡವನ್ನೂ ನಾನೇ ಹೊರುತ್ತಿದ್ದೆ. ಮೊದಲ ಸಂಜೆ ಆ ನೀರಿನಲ್ಲಿ ಮಕ್ಕಳು ನೆನೆದು ಕುಣಿದದ್ದನ್ನು ನೀನು ನೋಡಬೇಕಿತ್ತು.

ಅಜ್ಜಿ ಒಂದು ಕಥೆ ಹೇಳುತ್ತಿದ್ದಳು. ಪುಣ್ಯಾತ್ಮನಾದ ರಾಜ ಹೊಳೆಯನ್ನೇ ಮನೆಮನೆಗೆ ತಿರುಗಿಸಿದನಂತೆ. ಬಾವಿಕಟ್ಟೆಗೆ ಯಾರೂ ಬರದಾದರು. ಊರಲ್ಲಿ ಯಾರು ಹೆತ್ತರು, ಯಾರು ಸತ್ತರು, ಒಬ್ಬರಿಗೂ ತಿಳಿಯದಾಯಿತು. ಇಲ್ಲಿಯೂ ಹಾಗೇ ಆಯಿತು. ಕೊಡ ಬೇಡವಾದ ಮೇಲೆ ಯಾರು ಆಡಬೇಕೆಂದು ಬೂಟು ಹೇಳತೊಡಗಿತು. ದೊಡ್ಡ ಹುಡುಗರು ಮೊದಲೇ ಬಂದು ಹಾಕಿಕೊಂಡರೆ ಸಣ್ಣವರು ಬದುವಿನ ಮೇಲೆ. ಜೋಪಡಿಯ ಅನ್ನಪೂರ್ಣ ಒಂದು ಸಂಜೆ ಕೊಡ ಹೊತ್ತು ಬಂದಳು. ನೆಲ ಆಗಲೇ ಒದ್ದೆ. ಎಲ್ಲಿ ಸುರಿಯಬೇಕೆಂದು ತಿಳಿಯದೆ ನಿಂತಿದ್ದಾಗ ಬೂಟು ಹಾಕಿದ ಹುಡುಗನೊಬ್ಬ, “ನೀರು ಬಂದಾವಲ್ಲಲೇ, ಇನ್ನ ನೀ ಯಾಕ?” ಅಂದ. ಆ ಹುಡುಗಿ ತುಂಬಿದ ಕೊಡ ಹೊತ್ತು ಹಾಗೇ ಹಿಂದಿರುಗಿದಳು. ಒಂದು ವಾರದೊಳಗೆ ಅವಳೂ, ಅವಳ ಜೊತೆಯವರೂ ಅದಿರಿನ ರಾಶಿಯ ಮೇಲೆ ಜರಡಿ ಹಿಡಿದು ಕೂತದ್ದನ್ನು ಕಣ್ಣಾರೆ ಕಂಡೆ.

ಅಷ್ಟರಲ್ಲಿ ಸಾಹುಕಾರರು ಸಂಡೂರಿನ ಪಂದ್ಯಕ್ಕೆ ಹೊಸಪೇಟೆಯಿಂದ ಇಬ್ಬರು ಹುಡುಗರನ್ನು ಕರೆಸುತ್ತೇನೆ, ಆಡುವವರು ಹನ್ನೊಂದೇ ಜನ ಎಂದರು. ನಮ್ಮಲ್ಲಿ ಹಾಗಿಲ್ಲ ಎಂದೆ. ನಕ್ಕು, “ಗೆಲ್ಲಾದು ಬ್ಯಾಡೇನು ಬಸಕ್ಕ?” ಅಂದರು. “ಬೇಕ್ರಿ. ಆದ್ರ ಹುಡುಗ್ರು ಉಳೀಬೇಕಲ್ರಿ” ಅಂದೆ. ಮನೆಗೆ ಬಂದು ಅಂಗಿಗಳನ್ನು ಒಗೆದು, ಮಡಚಿ, ಬೂಟಿನ ಜೊತೆ ಹಿಂದಿರುಗಿಸಲು ಕಟ್ಟಿಟ್ಟೆ. ನಾಳೆಯಿಂದ ಟ್ಯಾಂಕರ್ ತರಬೇಡಿ ಎಂದು ನಮ್ಮ ಮನೆಯವರಿಗೆ ಹೇಳಿದೆ. ಅವರು ರೊಟ್ಟಿ ಮುರಿಯುತ್ತಾ ನನ್ನ ಮುಖ ನೋಡಿದರು. ಮರುದಿನ ನಮ್ಮ ಮನೆಯವರು, ಸಾಹುಕಾರರು ಮೈದಾನಕ್ಕೆ ಕಳಿಸಿದ ನೀರನ್ನು ಮೈದಾನದ ಪಕ್ಕದ ರಸ್ತೆಗೇ ಹೊಡೆದು ಹೋದರು.

ದೊಡ್ಡ ಹುಡುಗರು ಸಾಹುಕಾರರ ಕಡೆ ಹೋದರು. ನಾನು ಜೋಪಡಿಗಳಿಗೆ ತಿರುಗಿ ತಿರುಗಿ ಮಕ್ಕಳನ್ನು ಕಳಿಸಿರೆಂದು ಬೇಡಿದೆ, ತಾಯಂದಿರ ಕಾಲು ಹಿಡಿಯುವುದೊಂದು ಬಾಕಿ. ಇವತ್ತು ಏಳು ಕೊಡ ಬಂದವು. ಅಷ್ಟು ನೀರಿಗೆ ಮೈದಾನದ ಒಂದು ಮೂಲೆ ನೆನೆಯಿತು, ಆ ಮೂಲೆಯಲ್ಲೇ ಆಡಿದರು. ಅನ್ನಪೂರ್ಣ ಒದೆದ ಚೆಂಡು ಎಲ್ಲೆಲ್ಲಿಗೋ ಹೋಯಿತು, ತರಲು ಅವಳೇ ಓಡಿದಳು. ಗೆದ್ದೆವು ಎಂದು ಬರೆಯುವಂಥದ್ದೇನೂ ಇಲ್ಲ ತಮ್ಮಾ.

ಹೊತ್ತಿಗೆ ಸರಿಯಾಗಿ ಉಣ್ಣು. ಸಮುದ್ರದ ಗಾಳಿಗೆ ತಲೆಗೆ ಬಟ್ಟೆ ಕಟ್ಟಿಕೋ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಬಸಕ್ಕ

ಮರೆತಿದ್ದೆ: ಮೈದಾನದ ನೀರನ್ನು ರಸ್ತೆಗೆ ಹೊಡೆದರೆಂದು ಸಾಹುಕಾರರು ನಮ್ಮ ಮನೆಯವರ ಕೈಯಿಂದ ಟ್ಯಾಂಕರಿನ ಕೀಲಿ ತೆಗೆದುಕೊಂಡಿದ್ದಾರೆ. ಈ ಸುತ್ತಮುತ್ತ ಇನ್ನು ಯಾರೂ ನಮ್ಮವರಿಗೆ ಓಡಿಸಲು ಗಾಡಿ ಕೊಡುವುದಿಲ್ಲ. ಈ ಕಾಗದದ ಹಿಂದೆಯೇ ವಾಸ್ಕೋ ರೈಲು ಹತ್ತುತ್ತಾರೆ. ಬಂದರಿನಲ್ಲಿ ಏನಾದರೂ ಕೆಲಸ ನೋಡು, ಮಲಗಲು ಜಾಗ ಮಾಡು. ನನ್ನನ್ನು ಒಂದು ಮಾತೂ ಅಂದಿಲ್ಲ, ಅದೇ ನನಗೆ ಕಷ್ಟವಾಗಿದೆ. ಅವರು ಮಾಡಿದ್ದು ಸರಿ ಎಂದು ನೀನಾದರೂ ಅವರಿಗೆ ಹೇಳು. ನಾನು ಹೇಳಲು ಹೋದರೆ ಬುತ್ತಿ ಕಟ್ಟು ಅನ್ನುತ್ತಾರೆ.