ಬಾಡಿಗೆ ಕೋಣೆಗೆ ಹೋಗಬೇಕಾದದ್ದು

ಬಸವೇಶ್ವರನಗರ
೯ ನವೆಂಬರ್ ೨೦೨೫, ಭಾನುವಾರ

ರೀ,

ಹತ್ತು ತಿಂಗಳ ಮೇಲೆ ನನ್ನ ಅಕ್ಷರ ಕಂಡು ಗಾಬರಿಯಾಗಬೇಡಿ, ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನೀವೂ ಕೆಂಗೇರಿ ಉಪನಗರದ ನಿಮ್ಮ ತಮ್ಮನ ಮನೆಯಲ್ಲಿ ಆರೋಗ್ಯವಾಗಿದ್ದೀರಿ, ಬೆಳಿಗ್ಗೆ ಎರಡು ಸುತ್ತು ಪಾರ್ಕು ತಿರುಗುತ್ತೀರಿ ಎಂದು ಅಮೂಲ್ಯಾ ಹೇಳಿದಳು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೇ ದನಿ ಏರಿಸುತ್ತೇವೆ. ಮೇಲಾಗಿ ಮೂವತ್ತಾರು ವರ್ಷ ಆಫೀಸಿನ ರೆಕಾರ್ಡ್ ರೂಮು ನೋಡಿಕೊಂಡ ನೀವು ಕಾಗದದಲ್ಲಿ ಬಂದದ್ದನ್ನು ಬಿಟ್ಟು ಬೇರೇನನ್ನೂ ನಂಬುವವರಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಮ್ಮದು ಮುನ್ನೂರು ಸಲ ಉಂಡು ಮಲಗಿದರೂ ಮುಗಿದಿಲ್ಲ.

ಮಗಳ ಕೈಲಿ ನೀವು ಹೇಳಿ ಕಳಿಸಿದ್ದು ತಲುಪಿತು. ಮೈಸೂರು ರಸ್ತೆಯಲ್ಲಿ ಸಾಮಾನಿಡುವುದಕ್ಕೆಂದೇ ಕೋಣೆ ಬಾಡಿಗೆಗೆ ಕೊಡುವ ಸ್ಟೋರೇಜ್ ಒಂದು ತೆರೆದಿದೆ, ನನ್ನ ನಾಟಕದ ವೇಷಗಳನ್ನೆಲ್ಲ ಅಲ್ಲಿಗೆ ಸಾಗಿಸಿದರೆ ನೀವು ಮನೆಗೆ ಬರುತ್ತೀರಿ, ಒಂದು ವರ್ಷದ ಬಾಡಿಗೆಯನ್ನೂ ನೀವೇ ಕೊಡುತ್ತೀರಿ. ಇಷ್ಟು ತಾನೆ? ಮೊದಲು ಮೈಯೆಲ್ಲ ಉರಿಯಿತು. ಅಮೂಲ್ಯಾ ಪಾಪ, ಇದನ್ನು ಹೇಳುವುದಕ್ಕೆಂದೇ ತುಮಕೂರಿನಿಂದ ಬಸ್ಸು ಹತ್ತಿ ಬಂದಿದ್ದಳು. ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ರಾತ್ರಿ ಯೋಚಿಸಿದಾಗ ನಿಮ್ಮ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ನಾವಿಬ್ಬರೂ ಸೇರಿ ಕಟ್ಟಿಸಿದ ಮನೆಯಲ್ಲಿ ನಿಮಗೆ ಕೂರಲು ಜಾಗವಿರಲಿಲ್ಲ. ನಿಮ್ಮ ಬೀರುವಿನಲ್ಲಿ ಸೈನಿಕರ ಅಂಗಿಗಳಿದ್ದವು. ಒಂದು ದಿನ ಶೇವಿಂಗ್ ಮಗ್ಗಿನಲ್ಲಿ ರಾಕ್ಷಸನ ಮೀಸೆ ಸಿಕ್ಕಿತ್ತು. ನೀವು ಅದನ್ನು ಎರಡು ಬೆರಳಲ್ಲಿ ಹಿಡಿದು ಅಡುಗೆಮನೆಗೆ ತಂದು ನನ್ನ ಮುಂದಿಟ್ಟು ಹೋಗಿದ್ದಿರಿ. ನಾನು ನಕ್ಕೆ. ನಗಬಾರದಿತ್ತು.

ಆದರೆ ಆ ವೇಷಗಳೇನು ಹಳೆ ಬಟ್ಟೆಯ ಗಂಟುಗಳಲ್ಲ. ಅಮೂಲ್ಯಾಳ ಯುಕೆಜಿ ಫ್ಯಾನ್ಸಿ ಡ್ರೆಸ್ಸಿಗೆ ನನ್ನ ಹಳೆಯ ನೇರಳೆ ಲಂಗ ಕತ್ತರಿಸಿ ಬದನೆಕಾಯಿ ಹೊಲಿದದ್ದು, ಅವಳಿಗೆ ಮೊದಲ ಬಹುಮಾನ ಬಂದದ್ದು, ಮಾರನೆಯ ವರ್ಷ ನಾಲ್ಕು ಮಂದಿ ತಾಯಂದಿರು ಬಾಗಿಲಿಗೆ ಬಂದದ್ದು ನಿಮಗೇ ಗೊತ್ತು. ಈಗ ನನ್ನ ಬಳಿ ಮುನ್ನೂರ ನಲವತ್ತು ವೇಷಗಳಿವೆ. ರಾಜಾಜಿನಗರದಿಂದ ಬಾಪೂಜಿ ನಗರದವರೆಗೆ ಯಾವ ಶಾಲೆಯ ವಾರ್ಷಿಕೋತ್ಸವದಲ್ಲಿ ರಾಜ ಸಿಂಹಾಸನ ಏರಿದರೂ, ಹತ್ತರಲ್ಲಿ ಆರು ಕಡೆ ಅವನ ಕಿರೀಟ ನಮ್ಮ ಮನೆಯದು. ಹೋದ ತಿಂಗಳು ಖಾಕಿ ಹಾಕಿಕೊಂಡ ಸಬ್ ಇನ್‌ಸ್ಪೆಕ್ಟರ್ ಒಬ್ಬಳು ಬಂದಳು. ಏನಪ್ಪಾ ಇದು ಎಂದು, ವೇಷಗಳಿಗೆ ಇಸ್ತ್ರಿ ಹಾಕುತ್ತಿದ್ದ ನಮ್ಮ ಕೆಲಸದ ದಾನಮ್ಮ ಪೆಟ್ಟಿಗೆ ಹಿಡಿದುಕೊಂಡೇ ಒಳಗೆ ಓಡಿದಳು. ಬಂದವಳು ತನ್ನ ಮಗಳಿಗೆ ವೇಷ ಕೇಳಲು ಬಂದಿದ್ದಳು. ಹೋಗುವಾಗ, "ಆಂಟಿ, ನನಗೆ ಫಸ್ಟ್ ಪೊಲೀಸ್ ಬೆಲ್ಟ್ ಕಟ್ಟಿದ್ದು ನೀವೇ, ಮೂರನೇ ಕ್ಲಾಸಲ್ಲಿ" ಎಂದಳು. ಅವತ್ತೆಲ್ಲ ನನ್ನ ಕಾಲು ನೆಲದ ಮೇಲಿರಲಿಲ್ಲ. ಹೇಳಿಕೊಳ್ಳಲು ಮನೆಯಲ್ಲಿ ನೀವಿರಲಿಲ್ಲ.

ಜಗಳದ ವಿಷಯಕ್ಕೂ ಬರುತ್ತೇನೆ, ಅದನ್ನು ದಾಟಿ ಹೋಗಲು ಆಗುವುದಿಲ್ಲ. ಕಳೆದ ಜನವರಿಯಲ್ಲಿ ನಾನು ಮೊಮ್ಮಗನ ನಾಮಕರಣಕ್ಕೆಂದು ತುಮಕೂರಿಗೆ ಹೋಗಿ ಎಂಟು ದಿನ ಉಳಿದೆ. ಒಂದು ಪಾತ್ರಕ್ಕೆ ಒಂದು ಗಂಟು, ಇದು ನನ್ನ ಪದ್ಧತಿ. ರಾಜನ ಗಂಟು ಬಿಚ್ಚಿದರೆ ಕಿರೀಟದಿಂದ ಕಾಲಿನ ಮೋಜಡಿಯವರೆಗೆ ಆ ರಾಜನದೇ ಇರಬೇಕು. ನೀವು ಸಹಾಯ ಮಾಡಲು ಹೋಗಿ ಎಲ್ಲ ಗಂಟುಗಳನ್ನೂ ಬಿಚ್ಚಿ, ಕಿರೀಟಗಳೆಲ್ಲ ಒಂದು ಕಡೆ, ಖಡ್ಗಗಳೆಲ್ಲ ಒಂದು ಕಡೆ, ಗಡ್ಡಗಳೆಲ್ಲ ಒಂದು ಕಡೆ ಎಂದು ಅಕಾರಾದಿಯಲ್ಲಿ ಜೋಡಿಸಿ, ಚೀಟಿ ಅಂಟಿಸಿದಿರಿ. ರೆಕಾರ್ಡ್ ರೂಮಿನಲ್ಲಿ ಅದಕ್ಕೆ ಬಹುಮಾನ ಕೊಡುತ್ತಿದ್ದರೋ ಏನೋ. ನಾನು ಊರಿಂದ ಬಂದಿಳಿದ ಮಾರನೆಯ ಬೆಳಿಗ್ಗೆ ಆರಕ್ಕೆ ಕಾಮಾಕ್ಷಿಪಾಳ್ಯದ ಶಾಲೆಯಿಂದ ಮುನಿಯಪ್ಪ ಮೇಷ್ಟ್ರು ವ್ಯಾನು ತಂದು ನಿಲ್ಲಿಸಿದರು. ಇಪ್ಪತ್ತೆರಡು ಪಾತ್ರಗಳು. ಸಿಕ್ಕಿದ್ದನ್ನು ತುಂಬಿ ಕಳಿಸಿದೆ. ಏಳು ವರ್ಷದ ಮಂತ್ರಿ ಹದಿನಾರು ವರ್ಷದವರ ಕಿರೀಟದೊಳಗೆ ಗದ್ದದವರೆಗೂ ಮುಳುಗಿದ. ರಾಜನಿಗೆ ಋಷಿಯ ಗಡ್ಡ ಬಂತು. ಸಭೆಯೆಲ್ಲ ನಕ್ಕಿತು, ಆ ಪುಟ್ಟ ಮಂತ್ರಿ ವೇದಿಕೆಯ ಮೇಲೇ ಅತ್ತುಬಿಟ್ಟ. ಮೇಷ್ಟ್ರು ಸಾಮಾನು ಹಿಂದಿರುಗಿಸಲು ಬಂದಾಗ ಅವರ ಮುಂದೆಯೇ ನಿಮ್ಮನ್ನು ಬಾಯಿಗೆ ಬಂದಂತೆ ಅಂದೆ. ನೀವು ಸಂಜೆಯೇ ಬ್ಯಾಗು ತೆಗೆದುಕೊಂಡು ಹೊರಟಿರಿ.

ಚೀಟಿ ಅಂಟಿಸಿದ್ದು ನಿಮ್ಮ ತಪ್ಪು. ಪರರ ಮುಂದೆ ಕೂಗಿದ್ದು ನನ್ನ ತಪ್ಪು, ಅದು ದೊಡ್ಡದು. ಮೇಷ್ಟ್ರ ಹತ್ತಿರವೂ ಇದನ್ನು ಹೇಳಿದ್ದೇನೆ, ನಿಮ್ಮ ಹತ್ತಿರ ಹೇಳಲು ಇಷ್ಟು ದಿನ ಬೇಕಾಯಿತು.

ಹೋದ ಸೋಮವಾರ ದಾನಮ್ಮನನ್ನು ಕರೆದುಕೊಂಡು ಆ ಸ್ಟೋರೇಜ್ ನೋಡಲು ಹೋದೆ. ಬೇಡ ಎನ್ನಲು ಹೋದದ್ದಲ್ಲ, ನಿಜವಾಗಿಯೂ ನೋಡಲೆಂದೇ ಹೋದೆ. ಜಾಗ ಚೊಕ್ಕಟವಾಗಿದೆ. ಧೂಳಿಲ್ಲ, ಇಲಿ ಇಲ್ಲ, ಮೂಲೆಮೂಲೆಗೂ ಕ್ಯಾಮರಾ, ಕೋಣೆಗೊಂದು ಕಬ್ಬಿಣದ ಶಟರು. ಅಲ್ಲಿದ್ದ ಹುಡುಗಿ ಮಾನಸ ಒಂದು ಫಾರಂ ಹಿಡಿದು ಪ್ರಶ್ನೆ ಕೇಳುತ್ತಾ ಹೋದಳು. ಸಾಮಾನು ಏನು, ಎಷ್ಟು ದಿನಕ್ಕೊಮ್ಮೆ ತೆಗೆಯುತ್ತೀರಿ? ಸೀಸನ್ನಿನಲ್ಲಿ ದಿನಕ್ಕೆ ನಾಲ್ಕು ಸಲ, ಮೊದಲನೆಯದು ಬೆಳಿಗ್ಗೆ ಐದೂವರೆಗೆ ಎಂದೆ. ಬಾಗಿಲು ತೆಗೆಯುವುದೇ ಒಂಬತ್ತಕ್ಕಂತೆ. ಕಿಟಕಿ ಎಲ್ಲಿ ಎಂದು ದಾನಮ್ಮ ಕೇಳಿದಳು. ಕಿಟಕಿ ಇರುವುದಿಲ್ಲವಂತೆ. ಪ್ರತಿ ವೇಷವೂ ಒಂದು ಮಗುವಿನ ಬೆವರಿನಲ್ಲಿ ನೆಂದು ಬರುತ್ತದೆ, ಹೆದರಿದ ಕೆಲವು ಮಕ್ಕಳು ಬೇರೆ ಏನೇನೋ ಮಾಡಿ ಕಳಿಸುತ್ತವೆ. ಬಿಸಿಲು ಕಾಣದೆ ಕಟ್ಟಿಟ್ಟರೆ ವಾರದಲ್ಲಿ ಮುಗ್ಗಲು.

ಮಾನಸ ಪೆನ್ನು ಕೆಳಗಿಟ್ಟಳು. "ಆಂಟಿ, ತಪ್ಪು ತಿಳ್ಕೋಬೇಡಿ. ದಿನಾ ಬೇಕಾಗೋದನ್ನ ಇಲ್ಲಿಟ್ರೆ ನಿಮಗೇ ಕಷ್ಟ. ವರ್ಷಕ್ಕೊಂದ್ಸಲನೂ ಮುಟ್ಟಲ್ಲ, ಆದ್ರೆ ಬಿಸಾಕೋಕೂ ಮನಸ್ಸು ಬರಲ್ಲ ಅಂತ ಇರತ್ತಲ್ಲ, ಅಂಥದಕ್ಕೆ ಇದು" ಎಂದಳು. ಗಿರಾಕಿ ಕೈ ತಪ್ಪಿದರೂ ಪರವಾಗಿಲ್ಲ ಎಂದು ನಿಜ ಹೇಳಿದ ಆ ಹುಡುಗಿ ನನಗೆ ಬಹಳ ಇಷ್ಟವಾದಳು. ದಾನಮ್ಮ ನನ್ನ ಕಡೆ ತಿರುಗಿ, "ಅಕ್ಕಾ, ಅಂಥದು ನಮ್ಮನೇಲಿ ಬೇಕಾದಷ್ಟೈತೆ" ಎಂದಳು.

ಮನೆಗೆ ಬಂದು ಇಬ್ಬರೂ ಕೋಣೆ ಕೋಣೆ ಸುತ್ತಿದೆವು. ಪ್ಲಾಸ್ಟಿಕ್ಕು ಕೂಡ ಬಿಚ್ಚದ ಸೋಫಾ ಸೆಟ್ಟು. ಬೀಗ ಹಾಕಿದ ಷೋಕೇಸು, ಅದರೊಳಗೆ ಯಾವ ಅತಿಥಿಗೂ ಟೀ ಕೊಡದ ಕಪ್ಪುಗಳು. ಡಾಕ್ಟರು ಹೇಳಿದರೆಂದು ತಂದು, ಪಂಚೆ ಒಣಗಿಸಲು ಬಳಸಿದ ವ್ಯಾಯಾಮದ ಸೈಕಲ್ಲು. ನಿವೃತ್ತಿಯ ದಿನದ ಶಾಲು, ಹಾರ, ಫಲಕಗಳ ಮೂರು ಪೆಟ್ಟಿಗೆ. ರಿಪೇರಿ ಮಾಡುತ್ತೇನೆಂದು ನೀವು ಎತ್ತಿಟ್ಟ ಎರಡು ಮಿಕ್ಸಿ, ಒಂದು ಟೇಪ್ ರೆಕಾರ್ಡರು. ಹನ್ನೊಂದು ವರ್ಷದ ಪೇಪರಿನ ಭಾನುವಾರದ ಪುರವಣಿಗಳು. ನನ್ನವೂ ಇದ್ದವು, ಸುಳ್ಳು ಹೇಳುವುದಿಲ್ಲ: ಮದುವೆಯಲ್ಲಿ ಬಂದ ಹಿತ್ತಾಳೆ ಕೊಳಗಗಳು. ಮಿಕ್ಕದ್ದೆಲ್ಲ ನಿಮ್ಮದು.

ಕೋಣೆ ಬಾಡಿಗೆಗೆ ತೆಗೆದುಕೊಂಡೆ. ಗುರುವಾರ ಟೆಂಪೋ ಬಂತು, ಸಂಜೆಯೊಳಗೆ ಎಲ್ಲವೂ ಶಟರಿನ ಹಿಂದೆ. ಒಂದೂ ಎಸೆದಿಲ್ಲ, ಒಂದೂ ಮಾರಿಲ್ಲ, ಕಪ್ಪುಗಳಿಗೆ ಒಂದೊಂದಾಗಿ ಪೇಪರು ಸುತ್ತಿದ್ದೇನೆ. ಮಾನಸ ಟೆಂಪೋ ಜೊತೆ ಮನೆಗೇ ಬಂದು, ಸಾಮಾನು ಏರಿಸುವಾಗ ಮಾಡಿಕೊಟ್ಟ ಪಟ್ಟಿಯನ್ನು ಇದರ ಜೊತೆ ಇಟ್ಟಿದ್ದೇನೆ, ನೋಡಿಕೊಳ್ಳಿ. ವರ್ಷದ ಬಾಡಿಗೆ ನಾನೇ ಕಟ್ಟಿದೆ, ವೇಷಗಳು ದುಡಿದ ಹಣದಿಂದ. ನಿಮ್ಮ ಹಣ ನಿಮ್ಮಲ್ಲೇ ಇರಲಿ.

ಈಗ ಮುಂದಿನ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಕಬ್ಬಿಣದ ರ‍್ಯಾಕು ಹಾಕಿಸಿದ್ದೇನೆ. ಮುನ್ನೂರ ನಲವತ್ತು ಗಂಟುಗಳೂ ಅಲ್ಲೇ ಹಿಡಿದವು. ಹಜಾರ ಖಾಲಿ, ಬೀರು ಖಾಲಿ, ಬಚ್ಚಲಲ್ಲಿ ಮೀಸೆ ಇಲ್ಲ. ಪ್ರತಿ ಗಂಟಿಗೂ ಒಂದು ನಂಬರು, ಒಳಗೇನೇನಿದೆ ಎಂದು ಒಂದು ಚೀಟಿ. ಒಂದು ಪಾತ್ರಕ್ಕೆ ಒಂದು ಗಂಟು ನನ್ನ ಬುದ್ಧಿ, ಚೀಟಿ ನಿಮ್ಮ ಬುದ್ಧಿ. ಈ ವರ್ಷ ಹನ್ನೊಂದು ಶಾಲೆಗಳು ಈಗಾಗಲೇ ಬರೆಸಿವೆ, ಮುನಿಯಪ್ಪ ಮೇಷ್ಟ್ರೇ ಮೊದಲಿಗರು. ಒಂದು ಗಂಟೂ ತಪ್ಪುವುದಿಲ್ಲ, ನೋಡುತ್ತಿರಿ.

ನೀವು ಕೇಳಿದ್ದಕ್ಕೆ ಉತ್ತರ: ವೇಷಗಳು ಎಲ್ಲಿಗೂ ಹೋಗುವುದಿಲ್ಲ. ಅವುಗಳನ್ನು ಬಿಟ್ಟರೆ ನಾನು ಏನು ಎಂದು ನನಗೇ ಗೊತ್ತಿಲ್ಲ, ಅರವತ್ತೊಂದರಲ್ಲಿ ಅದನ್ನು ಹುಡುಕುವ ಆಸೆಯೂ ಇಲ್ಲ. ಅವು ಇರಬೇಕೋ ನೀವು ಇರಬೇಕೋ ಎಂದು ಮಾತ್ರ ಇನ್ನೊಮ್ಮೆ ಕೇಳಬೇಡಿ. ಬರುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಕೈಮುಗಿದು ಕರೆಯುವವಳಲ್ಲ, ನಿಮಗೇ ಗೊತ್ತು.

ಇಂತಿ,
ಮೂವತ್ತೇಳು ವರ್ಷದಿಂದ ನಿಮ್ಮವಳೇ ಆದ
ಸತ್ಯವತಿ

ಮರೆತ ಮಾತು: ಪಟ್ಟಿ ಕೈಗೆ ಬಂದರೆ ನೀವು ಸಾಲು ಸಾಲಾಗಿ ಟಿಕ್ ಹಾಕದೆ ಬಿಡುವವರಲ್ಲ. ಹದಿನೇಳನೆಯ ಸಾಲನ್ನು ಹೊಡೆದುಹಾಕಿದೆ, ಮಾನಸಳ ಲೆಕ್ಕ ತಪ್ಪಿತೆಂದು ಅವಳಿಗೆ ಫೋನ್ ಮಾಡಬೇಡಿ. ಅದು ನಿಮ್ಮ ಮಂಚ. ವರ್ಷವಾಗುತ್ತಾ ಬಂತು, ಯಾರೂ ಮುಟ್ಟಿಲ್ಲ ಎಂದು ದಾನಮ್ಮ ಅದನ್ನೂ ಟೆಂಪೋಗೆ ಏರಿಸಿಬಿಟ್ಟಿದ್ದಳು. ಬೀದಿಯವರೆಲ್ಲ ನೋಡುತ್ತಿದ್ದಂತೆ ನಾನೇ ನಿಂತು ಕೆಳಗಿಳಿಸಿದೆ.