ಹತ್ತು ಸೆಕೆಂಡಿನ ಅಮ್ಮ

ಸಖರಾಯಪಟ್ಟಣ
ಮೇ 14, ಮಂಗಳವಾರ

ಸೌಮ್ಯಕ್ಕಾ,

ಹರಿದು ಹಾಕಬೇಡ, ಪೂರ್ತಿ ಓದು. ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ. ಭಾವನಿಗೆ ಮಾಡಿದರೆ ‘ಆಮೇಲೆ ಮಾಡ್ತಾಳೆ ಬಿಡಮ್ಮ’ ಅಂದು ಇಟ್ಟುಬಿಡುತ್ತಾರೆ. ಅದಕ್ಕೇ ಅಜ್ಜಂಪುರದ ವಿಳಾಸ ಬರೆದು ಪೋಸ್ಟಿಗೆ ಹಾಕುತ್ತಿದ್ದೇನೆ. ಕಾಗದ ಬರೆದು ಎಷ್ಟು ವರ್ಷವಾಯಿತೋ, ಆಗಲೇ ಕೈ ನೋಯುತ್ತಿದೆ.

ಅಮ್ಮನ ಫೋಟೋವನ್ನು ನಾನು ಪಾರ್ಟಿಯವರಿಗೆ ಮಾರಿಕೊಂಡೆ ಅಂತ ತರೀಕೆರೆ ಅತ್ತೆಯ ಹತ್ತಿರ ಅಂದೆಯಂತೆ. ಅಲ್ಲ ಮಹರಾಯ್ತಿ, ಹಾಗೆ ಅನ್ನಲು ನಿನಗೆ ಬಾಯಾದರೂ ಹೇಗೆ ಬಂತು? ನೀನು ಕಾಲು ಮುರಿದುಕೊಂಡು ಮಲಗಿದ್ದೆ. ಕೊನೆಗೊಮ್ಮೆ ನೀನೂ ಅವಳ ಮುಖ ನೋಡಲಿ ಅಂತಲೇ ನಾನು ಆ ಫೋಟೋ ತೆಗೆದದ್ದು. ನಮ್ಮಲ್ಲಿ ಸತ್ತವರಿಗೆ ಮಾಡುವಂತೆ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ತಲೆ ವಾಲದಂತೆ ಬಿಳಿ ಬಟ್ಟೆಯಿಂದ ಗೋಡೆಯ ಗೂಟಕ್ಕೆ ಕಟ್ಟಿದ್ದೆವು. ನಿನಗೊಬ್ಬಳಿಗೇ ಕಳಿಸಬೇಕಿತ್ತು. ಅಳುತ್ತಾ ಮನೆಯವರ ಗ್ರೂಪಿಗೆ ಹಾಕಿಬಿಟ್ಟೆ.

ಚಿಕ್ಕಪ್ಪನ ಮಗ ರೇಣುಕಪ್ರಸಾದ್ ಪಾರ್ಟಿಯ ಪೇಜ್ ನೋಡಿಕೊಳ್ಳುತ್ತಾನಲ್ಲ, ಮೂರನೆಯ ದಿನ ಮೆಸೇಜ್ ಮಾಡಿದ. ‘ಅಕ್ಕಾ, ದೊಡ್ಡಮ್ಮನ ಫೋಟೋ ಬಳಸ್ಕಳ್ಲಾ?’ ಶ್ರದ್ಧಾಂಜಲಿ ಬ್ಯಾನರಿಗೆ ಅಂದುಕೊಂಡು ಹ್ಞೂಂ ಅಂದೆ. ನನ್ನ ತಪ್ಪು ಅಂದರೆ ಅದೇ. ಇಲ್ಲ ಅನ್ನುವುದಿಲ್ಲ.

ಓಟಿನ ದಿನ ಬೆಳಿಗ್ಗೆ ಫೋನ್ ತೆಗೆದು ನೋಡುತ್ತೇನೆ, ಅಮ್ಮ ಕಣ್ಣು ಬಿಟ್ಟಿದ್ದಾಳೆ! ಆ ಫೋಟೋಗೆ ಕಂಪ್ಯೂಟರಿನಲ್ಲಿ ಜೀವ ಬರಿಸಿದ್ದಾರೆ. ಹತ್ತೇ ಸೆಕೆಂಡು. ನಗುತ್ತಾಳೆ, ಶಾಯಿ ಹಚ್ಚಿದ ಬೆರಳು ಎತ್ತಿ ತೋರಿಸುತ್ತಾಳೆ. ಕಟ್ಟಿದ್ದ ಬಟ್ಟೆ ಸನ್ಮಾನದ ಶಾಲು ಆಗಿದೆ. ಕೆಳಗೆ, ‘ಹಾಸಿಗೆಯಿಂದ ಎದ್ದು ಬಂದು ನಮಗೇ ಮತ ಹಾಕಿದ ತೊಂಬತ್ತೆಂಟರ ಅಜ್ಜಿ, ನೀವಿನ್ನೂ ಮನೆಯಲ್ಲೇ ಇದ್ದೀರಾ?’ ಅಮ್ಮನಿಗೆ ಎಪ್ಪತ್ತಾರು. ಅವಳು ಎತ್ತಿದ್ದು ಎಡಗೈ ಕಣೇ, ಲಕ್ವ ಹೊಡೆದ ಮೇಲೆ ನಾವಿಬ್ಬರೂ ನಾಲ್ಕು ವರ್ಷ ಎಣ್ಣೆ ತಿಕ್ಕಿದರೂ ಏಳದಿದ್ದ ಕೈ. ಊರಿನ ಹೆಸರಿಲ್ಲ, ತಾರೀಖಿಲ್ಲ, ಹಿಂದೆ ಕೊಳಲಿನ ಸದ್ದು. ಇಂಥವನ್ನು ದಿನಾ ಹತ್ತು ಜನಕ್ಕೆ ಕಳಿಸುತ್ತಿದ್ದವಳು ನಾನೇ. ಯಾರದೋ ಅಜ್ಜಿ ಅತ್ತರೆ ನನಗೂ ಅಳು ಬರುತ್ತಿತ್ತು, ಯಾರದೋ ಮೇಲೆ ಸಿಟ್ಟು ಬರುತ್ತಿತ್ತು, ತಕ್ಷಣ ಮುಂದಕ್ಕೆ ಕಳಿಸುತ್ತಿದ್ದೆ. ಯಾವೂರು, ಯಾವಾಗಿನದು ಅಂತ ಒಂದು ದಿನವೂ ಕೇಳಲಿಲ್ಲ.

ರೇಣುಕನ ಮನೆಗೆ ಹೋಗಿ ಕೂಗಾಡಿದೆ. ‘ಸುಮ್ನಿರಕ್ಕ, ದೊಡ್ಡಮ್ಮ ಇದ್ದಿದ್ರೆ ನಮ್ಗೇ ಹಾಕ್ತಿರ್ಲಿಲ್ವಾ? ನಲ್ವತ್ತು ಸಾವ್ರ ಜನ ನೋಡಿದಾರೆ, ಈಗ ತೆಗೆದ್ರೆ ನಂಗೆ ಉಗೀತಾರೆ’ ಅಂದ. ಸಂಜೆಗೆ ಆ ಕಡೆ ಪಾರ್ಟಿಯ ಪೇಜಿನಲ್ಲೂ ಅಮ್ಮ! ಅವರಲ್ಲಿ ಯಾರೋ ಇದು ಕೂರಿಸಿದ ಹೆಣ ಅಂತ ಗುರುತು ಹಿಡಿದಿದ್ದರು. ‘ಸತ್ತವರ ಹೆಸರಲ್ಲಿ ಓಟು ಹಾಕಿಸಿದ್ದಾರೆ, ಡಿಲೀಟ್ ಆಗೋ ಮುಂಚೆ ಶೇರ್ ಮಾಡಿ’ ಅಂತ ಅವಳ ಮುಖದ ಸುತ್ತ ಕೆಂಪು ಗೆರೆ ಎಳೆದಿದ್ದರು. ಅವಳ ಹೆಸರಲ್ಲಿ ಯಾರೂ ಓಟು ಹಾಕಿರಲಿಲ್ಲ, ಬೂತಿನಲ್ಲಿ ಕೂತವರನ್ನೇ ಕೇಳಿ ಬಂದೆ. ಆದರೆ ಅವಳು ಸತ್ತಿದ್ದು ನಿಜ ತಾನೇ? ಆ ಒಂದು ನಿಜ ಹಿಡಿದುಕೊಂಡು ಉಳಿದದ್ದನ್ನೆಲ್ಲ ಕಟ್ಟಿದ್ದರು.

ಎರಡೂ ಪೇಜಿನಲ್ಲಿ ಬರೆದೆ. ಇವರು ನಮ್ಮ ತಾಯಿ ಮಲ್ಲಿಕಾಂಬ, ಏಪ್ರಿಲ್ ಒಂಬತ್ತಕ್ಕೆ ತೀರಿಕೊಂಡರು, ದಯವಿಟ್ಟು ತೆಗೆಯಿರಿ ಅಂತ. ರೇಣುಕನ ಪೇಜಿನಲ್ಲಿ, ‘ಆ ಕಡೆಯೋರು ಎಷ್ಟು ಕೊಟ್ರು?’ ಆ ಕಡೆಯವರಲ್ಲಿ, ‘ಇವ್ಳೂ ಅವ್ರ ಪೈಕಿನೇ.’ ಒಬ್ಬನಂತೂ ಅಮ್ಮನ ಮುಖದ ಬಗ್ಗೆ ಬರೆದದ್ದನ್ನು ಈ ಕಾಗದದ ಮೇಲೆ ಬರೆಯಲಾರೆ. ಕಡೂರಿಗೆ ಹೋಗಿ ಪೊಲೀಸರಿಗೆ ದೂರು ಕೊಟ್ಟೆ, ಬರೆದುಕೊಂಡರು. ಅಷ್ಟರಲ್ಲಿ ಅದು ಯಾರ್ಯಾರ ಫೋನಿಗೆ ಹೋಗಿತ್ತೋ, ಎಲ್ಲಿಂದ ಅಂತ ಹಿಡಿದು ತರಲಿ? ಸಂತೆಯಲ್ಲಿ ಕಾಯಿ ಮಾರುವ ಹುಚ್ಚಮ್ಮ ನನ್ನ ಕೈ ಹಿಡಿದು, ‘ನಿಮ್ಮಮ್ಮಾರು ಹುಷಾರಾದ್ರಂತಲ್ಲ ತಾಯಿ, ಮೊಬೈಲ್ನಲ್ಲಿ ನೋಡ್ದೆ, ಖುಷಿ ಆಯ್ತು’ ಅಂದಳು. ಇಲ್ಲ ಕಣಮ್ಮ, ಸತ್ತೋದ್ಲು ಅಂತ ನಾನೇ ನನ್ನ ಬಾಯಿಂದ ಹೇಳಬೇಕಾಯಿತು. ಅಲ್ಲೇ ಕಾಯಿ ರಾಶಿಯ ಪಕ್ಕ ಕೂತು ಅತ್ತುಬಿಟ್ಟೆ.

ವಾರದ ಮೇಲೆ ಇಬ್ಬರೂ ತೆಗೆದರು. ಓಟು ಮುಗಿದಿತ್ತಲ್ಲ, ಇನ್ನು ಅಮ್ಮ ಅವರಿಗೆ ಬೇಕಿರಲಿಲ್ಲ.

ಅಕ್ಕಾ, ನನ್ನ ಕೈಯಲ್ಲಿ ಇನ್ನೇನೂ ಆಗುವುದಿಲ್ಲ. ಬೈಯುವುದಾದರೆ ಬೈ, ಆದರೆ ಫೋನ್ ಮಾಡಿ ಬೈ. ಅಮ್ಮ ಹೋಗಿ ತಿಂಗಳಿಗೇ ನೀನೂ ಇಲ್ಲದಂತಾದರೆ ಅವಳ ವಿಷಯ ನಾನು ಯಾರ ಹತ್ತಿರ ಮಾತಾಡಲಿ? ಕಾಲಿನ ಕಟ್ಟು ಬಿಚ್ಚಿದರಾ?

ನಿನ್ನ ತಂಗಿ,
ಅಶ್ವಿನಿ

ಮತ್ತೆ: ಅಂಟಿಸಿದ್ದ ಲಕೋಟೆ ಬಿಡಿಸಿ ಬರೆಯುತ್ತಿದ್ದೇನೆ. ಅವರು ತೆಗೆಯುವ ಮೊದಲೇ ನಾನು ಆ ವಿಡಿಯೋವನ್ನು ನನ್ನ ಫೋನಿಗೆ ಇಳಿಸಿಕೊಂಡೆ. ದೂರಿಗೆ ಸಾಕ್ಷಿ ಬೇಕು ಅಂತ ಎಲ್ಲರಿಗೂ ಹೇಳಿದ್ದೇನೆ. ಸುಳ್ಳು. ದಿನಾ ಮಧ್ಯಾಹ್ನ ಊಟವಾದ ಮೇಲೆ ಒಂದು ಸಲ ನೋಡುತ್ತೇನೆ. ಅದು ಅಮ್ಮ ಅಲ್ಲ ಅಂತ ಚೆನ್ನಾಗಿ ಗೊತ್ತು ಅಕ್ಕ. ಆದರೂ ನಗುವಾಗ ನನ್ನನ್ನೇ ನೋಡುತ್ತಾಳೆ, ಅಳಿಸಲು ನನಗೆ ಮನಸ್ಸು ಬರುತ್ತಿಲ್ಲ. ನೀನೇ ಬಂದು ಅಳಿಸು.