ಸದ್ದು ಬೇಡದ ಕಾಂಕ್ರೀಟು

ಮಾಧವರಂ, ಚೆನ್ನೈ
೧೬ ಜೂನ್ ೨೦೨೫

ವೀರೇಶ್ ಭಾವನವರಿಗೆ ತೇಜಶ್ರೀಯ ನಮಸ್ಕಾರಗಳು.

ಒಂದೇ ಊರಿನಲ್ಲಿದ್ದುಕೊಂಡು ಪತ್ರ ಬರೆಯುತ್ತಾಳಲ್ಲ ಎಂದು ನಗಬೇಡಿ. ಪೆರುಂಗುಡಿಯ ನಿಮ್ಮ ಮನೆಗೆಂದು ಎರಡು ಸಲ ಹೊರಟು ಬಸ್ ನಿಲ್ದಾಣದಿಂದಲೇ ವಾಪಸು ಬಂದೆ. ಫೋನಿನಲ್ಲಿ ನೀವು ಹಲೋ ಎಂದ ಕೂಡಲೇ ಇಟ್ಟುಬಿಟ್ಟವಳೂ ನಾನೇ.

ಅಕ್ಕ ನಿಮ್ಮನ್ನು ಬಿಟ್ಟು ಇಲ್ಲಿಗೆ ಬಂದು ಐದು ತಿಂಗಳಾಯಿತು. ಅಪ್ಪನ ಮನೆ ಕೆಡಿಸಿದವರ ಜೊತೆ ಹೇಗಿರಲಿ ಎನ್ನುತ್ತಾಳೆ. ಮೇಲಂತಸ್ತಿನ ಕೆಲಸ ಮತ್ತೆ ನಡೆದಿದೆ, ಈಗ ಮಾಮೂಲು ಕಾಂಕ್ರೀಟಿನಲ್ಲಿ. ಅದನ್ನು ಕುಲುಕಿ ಕೂರಿಸುವ ವೈಬ್ರೇಟರ್ ದಿನವಿಡೀ ಅರಚುತ್ತದೆ. ಪಕ್ಕದ ಮನೆಯ ತಿರುಮಲ ಅವರು ಹಾಲಿನ ಡೈರಿಯ ರಾತ್ರಿ ಪಾಳಿ ಮುಗಿಸಿ ಬಂದು, ಮಲಗಲಾಗದೆ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ.

ವೈಬ್ರೇಟರಿಲ್ಲದೆ ತಾನೇ ಹರಿದು ಕೂರುವ ಕಾಂಕ್ರೀಟು ತರಿಸೋಣ ಎಂದು ನೀವು ಹೇಳಿದ್ದಕ್ಕೆ ಅವರೂ ಒಂದು ಕಾರಣ. ಕಂಬಗಳಲ್ಲಿ ಕಂಬಿ ಒತ್ತೊತ್ತಾಗಿತ್ತು. ಇದಾದರೆ ಸಂದುಸಂದಿಗೂ ತುಂಬುತ್ತದೆ, ಆಳೂ ಕಡಿಮೆ ಸಾಕು ಎಂದಿರಿ. ಬೆಲೆ ಹೆಚ್ಚು, ಹಲಗೆಯ ಅಚ್ಚು ಒಂದು ಹನಿ ಸೋರದಷ್ಟು ಬಿಗಿಯಾಗಿರಬೇಕು ಎಂಬುದನ್ನೂ ಮುಚ್ಚಿಡಲಿಲ್ಲ. ಅಪ್ಪ ಒಲ್ಲದ ಮನಸ್ಸಿನಿಂದ ಒಪ್ಪಿದರು. "ಸಪ್ಪಳಾನ ಇಲ್ಲಂದ್ರ ಅದೇನ್ ಕಾಂಕ್ರೀಟ್ ಆತೋ, ಪಾಯಸಾ ಆತೋ" ಎಂದು ಅವ್ವನ ಹತ್ತಿರ ಗೊಣಗಿದ್ದರು.

ಕಾಂಕ್ರೀಟು ಹಾಕಿದ ದಿನ ಮೊದಲ ಕಂಬವನ್ನು ನೀವೇ ನಿಂತು ತುಂಬಿಸಿದಿರಿ. ನಿಮ್ಮ ಇನ್ನೊಂದು ಸೈಟಿನಿಂದ ಕರೆ ಬಂದು ಹೊರಡುವಾಗ ನನ್ನನ್ನು ಕರೆದು ಹೇಳಿದಿರಿ: "ತೇಜೂ, ಯಾರ್ ಬಂದ್ರೂ ಇದಕ್ಕ ವೈಬ್ರೇಟರ್ ಇಳಸಾಕ ಬಿಡಬ್ಯಾಡ. ಕುಲುಕಿದ್ರ ಜಲ್ಲಿ ತಳಕ್ಕ ಕೂಡ್ತದ, ಮ್ಯಾಲ ಬರೇ ಸಿಮೆಂಟಿನ ಹಾಲು ನಿಲ್ತದ." ನಾನು ಹೂಂ ಎಂದೆ.

ಆಮೇಲೆ ಏನಾಯಿತೋ ನೋಡಲಿಲ್ಲ, ಒಳಗೆ ಚಹಾ ಮಾಡುತ್ತಿದ್ದೆ ಎಂದು ನಿಮಗೂ ಅಕ್ಕನಿಗೂ ಹೇಳಿದ್ದೇನೆ. ಅದು ಸುಳ್ಳು. ಅಪ್ಪ ಬಾಡಿಗೆಯ ವೈಬ್ರೇಟರ್ ತರಿಸಿದಾಗ ಮೆಟ್ಟಿಲ ಮೇಲೇ ಇದ್ದೆ. ಹೊಸೂರು ಕಡೆಯ ಮೇಸ್ತ್ರಿ ಕುಮಾರಸ್ವಾಮಿ ಅನುಮಾನಿಸಿ ನನ್ನನ್ನೇ ಕೇಳಿದರು: "ಇಂಜಿನಿಯರ್ ಸಾರ್ ಏನಾನ ಹೇಳಿ ಹೋದ್ರಾ ಪಾಪ್ಪಾ? ಹಾಕೋದಾ, ವೇಂಡಾಮಾ?" ಅಪ್ಪ ನಕ್ಕರು. "ಅಕೀನ್ನೇನ್ ಕೇಳ್ತಿ ಮೇಸ್ತ್ರಿ, ಅಕಿ ಕತಿ ಪುಸ್ತಕ ಓದಾಕಿ." ಎಂಟು ಜನ ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದರು. ಏನೂ ಹೇಳಿಲ್ಲ ಎಂಬಂತೆ ತಲೆ ಅಲ್ಲಾಡಿಸಿಬಿಟ್ಟೆ.

ಹಲಗೆ ಬಿಚ್ಚಿದ ಮೇಲಿನದು ನಿಮಗೆ ಗೊತ್ತು. ಸುತ್ತಿಗೆ ತಾಗಿಸಿದರೆ, ವೈಬ್ರೇಟರ್ ಇಳಿಸಿದ ಉಳಿದ ಮೂರು ಕಂಬಗಳ ತಲೆ ಪುಡಿಪುಡಿಯಾಗಿ ಉದುರಿತು. ಮೂರನ್ನೂ ಒಡೆದು ಹಾಕಿದರು. ನೀವು ತುಂಬಿಸಿದ್ದೊಂದು ಇಸ್ತ್ರಿ ಮಾಡಿದ ಬಟ್ಟೆಯಂತೆ ನುಣ್ಣಗೆ ನಿಂತಿದೆ. ಅಪ್ಪ ಅದನ್ನು ನಸೀಬು ಎನ್ನುತ್ತಾರೆ.

"ಹಾಕಬಾರ್ದಂತ ಯಾರಿಗರೆ ಹೇಳಿ ಹೋಗಿದ್ರೇನ್ರೀ ಅಳಿಯಂದ್ರ?" ಎಂದು ಅಪ್ಪ ಎಲ್ಲರೆದುರು ಕೇಳಿದಾಗ ನೀವು ಒಂದು ಕ್ಷಣ ನನ್ನತ್ತ ನೋಡಿದಿರಿ. ನಾನು ಬಡಿಸುತ್ತಲೇ ಇದ್ದೆ. "ಮರೆತೆ" ಎಂದಿರಿ. "ಮರತ್ರಂತ! ನಾಳೆ ನನ್ನ ಮಗಳನ್ನೂ ಎಲ್ಲೆರೆ ಮರತ್ ಬರ್ತಾರ" ಎಂದರು ಅಪ್ಪ. ನೀವು ಊಟ ಮುಗಿಸದೆ ಎದ್ದಿರಿ. ನಾನು ಅನ್ನದ ಪಾತ್ರೆ ಹಿಡಿದುಕೊಂಡು ಒಳಗೆ ಹೋದೆ. ಆ ವಾರವೇ ಅಕ್ಕ ಬಂದಳು.

ನೀವು ನನ್ನನ್ನು ಉಳಿಸಿದಿರಿ. ಉಳಿದವಳಾಗಿ ಬದುಕುವುದು ಇಷ್ಟು ನಾಚಿಕೆಯ ಕೆಲಸವೆಂದು ಗೊತ್ತಿರಲಿಲ್ಲ. ಈ ಪತ್ರವನ್ನು ಮೊದಲು ಅಕ್ಕನಿಗೆ ಓದಲು ಕೊಡುತ್ತೇನೆ, ನಾಳೆ ಅಪ್ಪನಿಗೆ ಬಾಯಿಬಿಟ್ಟೇ ಹೇಳುತ್ತೇನೆ. ಅಕ್ಕ ಬ್ಯಾಗು ಹಿಡಿದು ಬಂದರೆ ತಡವಾಯಿತೆಂದು ಸಿಟ್ಟಾಗಬೇಡಿ.

ನಿಮ್ಮ ಕ್ಷಮೆ ಕೇಳಲೂ ಅಂಜುವ,
ತೇಜಶ್ರೀ

ತಾ.ಕ.: ಅಕ್ಕ ಎರಡು ಸಲ ಓದಿದಳು. ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. "ಕಟ್ಟಿಕೊಂಡಾಕಿ ನನಗೂ 'ಮರತೆ' ಅಂತನ ಹೇಳಿದ್ರು. ಐದು ತಿಂಗಳು ಇದು ನಿಮ್ಮಿಬ್ಬರಿಗಷ್ಟ ಗೊತ್ತಿತ್ತಲ್ಲ, ತೇಜೂ?" ಎಂದಳು. ಪತ್ರ ಮಡಚಿ ಕೈಗೆ ಕೊಟ್ಟು, ಅಂಚೆಗೆ ಹಾಕು, ಆದರೆ ನಾನು ಬರುವುದಿಲ್ಲ ಎಂದು ಕೊನೆಯಲ್ಲಿ ಸೇರಿಸು ಎಂದಳು. ಸೇರಿಸಿದ್ದೇನೆ.